ಚಂದ್ರನ ಜನ್ಮವೃತ್ತಾಂತ

ಒಂದು ಊರಿನ ಚರಿತ್ರೆಯನ್ನು ಬರೆಯಹೊರಟವನು ಮೊದಲು ಅಲ್ಲಿಯ ಹಿರಿಯರನ್ನು ಕಂಡು ಅವರು ಹೇಳುವ ಐತಿಹ್ಯಗಳನ್ನು ಬರೆದುಕೊಳ್ಳುತ್ತಾನೆ. ಆಮೇಲೆ ಗುಡಿಯ ಮುಂದೆಯೋ ಕೆರೆಯ ಏರಿಯ ಮೇಲೆಯೋ ನಿಂತಿರುವ ಶಾಸನದ ಕಲ್ಲನ್ನು ಓದುತ್ತಾನೆ. ಶಾಸನವು ಐತಿಹ್ಯಕ್ಕೆ ಅನುಕೂಲವಾಗಿದ್ದರೆ ಸಂತೋಷವೇ; ಪ್ರತಿಕೂಲವಾಗಿದ್ದರೆ ಐತಿಹ್ಯವನ್ನು ಬಿಟ್ಟು ಕಲ್ಲಿನ ಮಾತನ್ನು ನಂಬುವುದು ಚರಿತ್ರಕಾರನ ಧರ್ಮ. ನಾವು ನೆಲೆಸಿರುವ ಈ ಭೂಮಿಯ ಬಾಲ್ಯವೃತ್ತಾಂತವನ್ನು ಅರಸಿಹೊರಟ ಪಂಡಿತರಿಗೂ ಇಂತಹುದೇ ಅನುಭವವಾಯಿತು. ವಿಶೇಷವೇನೆಂದರೆ, ಅವರಿಗೆ ಬೇಕಾಗಿದ್ದ ಕಲ್ಲು ಭೂಮಿಯಲ್ಲಿ ದೊರೆಯದೆ ಚಂದ್ರನಲ್ಲಿ ದೊರೆಯಿತು. ದೊರೆತಮೇಲೆ, ಆವರೆಗೆ ಪ್ರಬಲವಾಗಿದ್ದ ಮೂರು ಸಿದ್ಧಾಂತಗಳಲ್ಲಿ ಒಂದೂ ಅದರ ಮುಂದೆ ನಿಲ್ಲಲಿಲ್ಲ. ಆ ಕಥೆಯನ್ನು ಸಂಗ್ರಹವಾಗಿ ಹೇಳುವುದೇ ಈ ಲೇಖನದ ಉದ್ದೇಶ.

ಭೂಮಿಯಲ್ಲಿ ಅಂತಹ ಕಲ್ಲು ಏಕೆ ಉಳಿಯಲಿಲ್ಲವೆಂದು ಕೇಳಬಹುದು. ಮಳೆ, ಗಾಳಿ, ಹೊಳೆಗಳು ಇಲ್ಲಿ ಬೆಟ್ಟಗಳನ್ನು ಅಹೋರಾತ್ರಿ ಸವೆಯಿಸುತ್ತಿರುವುವು. ಸಾಗರದ ತಳವಂತೂ ಮತ್ತೆ ಮತ್ತೆ ಭೂಗರ್ಭವನ್ನು ಸೇರಿ ಕರಗಿ ಹೊಸದಾಗುತ್ತಿರುವುದು. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರವನ್ನು ಹೊತ್ತು ನಿಂತಿರುವ ಬಂಡೆಯು ಸುಮಾರು ೩೦೦ ಕೋಟಿ ವರ್ಷಗಳಷ್ಟು ಹಳೆಯದು. ಅಂತಹ ಪುರಾತನ ಶಿಲೆಯೂ ಭೂಮಿಯ ವಯಸ್ಸಿನೊಡನೆ ಹೋಲಿಸಿದರೆ ಕಿರಿಯದೇ. ಭೂಮಿಗೆ ಈಗ ಸುಮಾರು ೪೫೪ ಕೋಟಿ ವರ್ಷಗಳಾಗಿವೆ. ಅದರ ಮೊದಲ ಐವತ್ತು ಕೋಟಿ ವರ್ಷಗಳಿಗೆ ಸೇರಿದುದೆಂದು ನಿಸ್ಸಂದೇಹವಾಗಿ ಹೇಳಬಹುದಾದದ್ದು ಕೆಲವು ಸೂಕ್ಷ್ಮವಾದ ಹರಳುಗಳ ಹೊರತು ಹೆಚ್ಚೇನೂ ಇಲ್ಲವೆಂದರೆ ಸಲ್ಲುವುದು. ಮನುಷ್ಯನಿಗೆ ತನ್ನ ಹುಟ್ಟಿನ ನೆನಪು ಹೇಗಿಲ್ಲವೋ ಹಾಗೆಯೇ ಭೂಮಿಗೂ ಇಲ್ಲ. ಚಂದ್ರನ ಸ್ಥಿತಿ ಬೇರೆ. ಅಲ್ಲಿ ಗಾಳಿಯಿಲ್ಲ, ಮಳೆಯಿಲ್ಲ, ಹೊಳೆಯಿಲ್ಲ. ಅಲ್ಲಿ ಒಮ್ಮೆ ಬಿದ್ದ ಗುರುತು ಕೋಟ್ಯಂತರ ವರ್ಷಗಳು ಕಳೆದರೂ ಅಳಿಯದೆ ನಿಲ್ಲುವುದು.

ಚಂದ್ರನ ದೇಹಲಕ್ಷಣಗಳನ್ನು ಮೊದಲು ನೋಡೋಣ. ಅವನು ನಮ್ಮಿಂದ ಸರಾಸರಿ ೩,೮೪,೪೦೦ ಕಿಲೋಮೀಟರುಗಳ ದೂರದಲ್ಲಿದ್ದಾನೆ. ಅವನ ವ್ಯಾಸ ೩,೪೭೪ ಕಿಲೋಮೀಟರು. ಎಂದರೆ ಭೂಮಿಯ ವ್ಯಾಸದ ಕಾಲುಭಾಗಕ್ಕಿಂತ ತುಸು ಹೆಚ್ಚು. ತೂಕದಲ್ಲಿ ಮಾತ್ರ ಅವನು ಭೂಮಿಯ ಎಂಬತ್ತೊಂದರಲ್ಲಿ ಒಂದು ಪಾಲು. ಅಳತೆಗೆ ತಕ್ಕ ತೂಕವಿಲ್ಲದಿರುವುದಕ್ಕೆ ಕಾರಣವೇನು? ಭೂಮಿಯು ಅದೇ ಗಾತ್ರದ ನೀರಿಗಿಂತ ಐದೂವರೆ ಪಾಲು ಭಾರವಾಗಿದ್ದರೆ ಚಂದ್ರನು ಮೂರೂಕಾಲು ಪಾಲಿಗಿಂತ ಸ್ವಲ್ಪ ಹೆಚ್ಚು ಭಾರವಾಗಿದ್ದಾನೆ, ಅಷ್ಟೆ. ಭೂಮಿಯ ತೂಕದಲ್ಲಿ ಸುಮಾರು ಮೂರನೆಯ ಒಂದು ಪಾಲು ಅದರ ಗರ್ಭದಲ್ಲಿರುವ ಕಬ್ಬಿಣದ ಗೋಳಕ್ಕೆ ಸೇರಿದುದು. ಚಂದ್ರನಲ್ಲಿ ಅಂತಹ ಗರ್ಭವು ಬಹಳ ಸಣ್ಣದು. ಕಬ್ಬಿಣದ ಈ ಕೊರತೆಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥನೆ. ಮುಂದಿನ ವಾದವೆಲ್ಲ ಇದನ್ನೇ ಸುತ್ತುವುದು.

ಇನ್ನು ಮುಖಲಕ್ಷಣ. ಬರಿಗಣ್ಣಿಗೆ ತೋರುವ ಕಪ್ಪು ಕಲೆಗಳನ್ನು ಮೊಲವೆಂದೂ ಜಿಂಕೆಯೆಂದೂ ನಮ್ಮವರು ಭಾವಿಸಿ ಚಂದ್ರನನ್ನು ಶಶಾಂಕ, ಮೃಗಾಂಕ ಎಂದು ಕರೆದರು. ೧೬೦೯ರ ಕೊನೆಯಲ್ಲಿ ಇಟಲಿಯ ಪಾದುವಾ ನಗರದಲ್ಲಿ ಗೆಲಿಲಿಯೋ ಮಹಾಶಯನು ತಾನೇ ಮಾಡಿಕೊಂಡ ದೂರದರ್ಶಕದಿಂದ ಚಂದ್ರನನ್ನು ನೋಡಿದನು. ಆಕಾಶದ ಗೋಳಗಳೆಲ್ಲ ಕನ್ನಡಿಯಂತೆ ನುಣುಪಾಗಿರುವುವೆಂದು ಯೂರೋಪಿನ ವಿದ್ಯಾಪೀಠಗಳು ಬೋಧಿಸುತ್ತಿದ್ದ ಕಾಲವದು. ಅವನಿಗೆ ಕಂಡುದು ಬೆಟ್ಟ, ಕಣಿವೆ, ಕುಳಿಗಳು. ಸೂರ್ಯನ ಬೆಳಕು ತಗ್ಗನ್ನು ಮುಟ್ಟುವ ಮೊದಲೇ ಶಿಖರಗಳನ್ನು ಬೆಳಗುವುದನ್ನು ಕಂಡು, ಆ ಅಂತರದಿಂದ ಬೆಟ್ಟಗಳ ಎತ್ತರವನ್ನು ಲೆಕ್ಕ ಹಾಕಿ, ೧೬೧೦ರಲ್ಲಿ ಅದನ್ನು ಪ್ರಕಟಿಸಿದನು. ೧೬೫೧ರಲ್ಲಿ ಬೊಲೋನ್ಯಾದ ರಿಚ್ಚಿಯೋಲಿ ಎಂಬ ಪಾದ್ರಿಯು ತನ್ನ ಸಹಾಯಕ ಗ್ರಿಮಾಲ್ಡಿ ಬರೆದ ನಕ್ಷೆಯ ಮೇಲೆ ಕುಳಿಗಳಿಗೆ ಜ್ಯೋತಿಷಿಗಳ ಹೆಸರುಗಳನ್ನೂ ಕಪ್ಪು ಬಯಲುಗಳಿಗೆ ಶಾಂತಿಸಾಗರ, ವೃಷ್ಟಿಸಾಗರ ಎಂಬ ಅರ್ಥದ ಹೆಸರುಗಳನ್ನೂ ಇಟ್ಟನು. ಹನಿ ನೀರೂ ಇಲ್ಲದ ಆ ಸಾಗರಗಳಿಗೆ ಇಂದಿಗೂ ಅದೇ ಹೆಸರುಗಳು ನಡೆಯುತ್ತಿರುವುವು. ಅವು ವಾಸ್ತವದಲ್ಲಿ ಕುದಿಯುವ ಶಿಲಾರಸವು ಹರಿದು ತಗ್ಗುಗಳನ್ನು ತುಂಬಿ ಹೆಪ್ಪುಗಟ್ಟಿದ ಬಯಲುಗಳು. ವಿಜಾಪುರದ ಕಡೆಯ ಕರಿಕಲ್ಲಿನ ಜಾತಿಗೇ ಸೇರಿದ ಶಿಲೆ, ವಯಸ್ಸಿನಲ್ಲಿ ಮಾತ್ರ ಅದಕ್ಕಿಂತ ಬಹುಪಾಲು ಹಿರಿಯದು. ಚಂದ್ರನು ಸದಾ ಒಂದೇ ಮುಖವನ್ನು ನಮಗೆ ತೋರುತ್ತಾನಷ್ಟೆ. ೧೯೫೯ರಲ್ಲಿ ರಷ್ಯನರ ಲೂನಾ-೩ ಎಂಬ ನೌಕೆಯು ಹಿಂಬದಿಯ ಚಿತ್ರವನ್ನು ತೆಗೆದಾಗ, ಅಲ್ಲಿ ಈ ಕಪ್ಪು ಬಯಲುಗಳು ತೀರ ವಿರಳವೆಂದು ತಿಳಿಯಿತು.

ಕುಳಿಗಳ ವಿಷಯದಲ್ಲಿ ದೀರ್ಘಕಾಲ ವಿವಾದ ನಡೆಯಿತು. ಅವು ಆರಿಹೋದ ಅಗ್ನಿಪರ್ವತಗಳ ಬಾಯಿಗಳೆಂದು ಬಹುಮಂದಿ ನಂಬಿದ್ದರು. ೧೮೯೩ರಲ್ಲಿ ಅಮೆರಿಕದ ಗಿಲ್ಬರ್ಟ್ ಎಂಬ ಭೂಗರ್ಭಶಾಸ್ತ್ರಜ್ಞನು, ಹೊರಗಿನಿಂದ ಬಂದ ಕಾಯಗಳು ಬಡಿದುದರಿಂದ ಅವು ಉಂಟಾದುವೆಂದು ವಾದಿಸಿದನು. ಹಾಗಾದರೆ ಓರೆಯಾಗಿ ಬಿದ್ದ ಕಲ್ಲುಗಳು ಉದ್ದನೆಯ ಕುಳಿಗಳನ್ನು ಮಾಡಬೇಕಾಗಿತ್ತಲ್ಲವೇ, ಎಲ್ಲವೂ ಏಕೆ ದುಂಡಗಿವೆ, ಎಂಬ ಆಕ್ಷೇಪಣೆ ಬಂದಿತು. ಸೆಕೆಂಡಿಗೆ ಹತ್ತಾರು ಕಿಲೋಮೀಟರುಗಳ ವೇಗದಿಂದ ಬಂದ ಕಲ್ಲು ನೆಲವನ್ನು ತಾಕಿದೊಡನೆ ಸಿಡಿಮದ್ದಿನಂತೆ ಸ್ಫೋಟಿಸುವುದರಿಂದ, ಅದು ಬಂದ ದಿಕ್ಕು ಯಾವುದಾದರೂ ಕುಳಿ ಬಹುಮಟ್ಟಿಗೆ ದುಂಡಗೇ ಆಗುವುದೆಂದು ಆಮೇಲೆ ತಿಳಿಯಿತು. ಗಿಲ್ಬರ್ಟನ ಪಕ್ಷವೇ ಗೆದ್ದಿತು. ಚಂದ್ರನ ದಕ್ಷಿಣಧ್ರುವದಿಂದ ಹಿಂಬದಿಗೆ ಹರಡಿರುವ ಒಂದು ಮಹಾಗರ್ತದ ಅಗಲ ಸುಮಾರು ೨,೫೦೦ ಕಿಲೋಮೀಟರು. ಕನ್ಯಾಕುಮಾರಿಯಿಂದ ಹಿಮಾಲಯದ ತಪ್ಪಲಿನವರೆಗಿನ ದೂರವಷ್ಟನ್ನೂ ನುಂಗುವಂತಹ ಕುಳಿಯದು!

ಇಂತಹ ಚಂದ್ರನು ಹುಟ್ಟಿದುದೆಲ್ಲಿ? ಇದಕ್ಕೆ ಮೂರು ಉತ್ತರಗಳಿದ್ದುವು. ಮೊದಲನೆಯದು ವಿಭಜನವಾದ. ವಿಕಾಸವಾದದಿಂದ ಪ್ರಸಿದ್ಧನಾದ ಚಾರ್ಲ್ಸ್ ಡಾರ್ವಿನ್ನನ ಮಗನಾದ ಜಾರ್ಜ್ ಡಾರ್ವಿನ್ನನು ಸಾಗರದ ಉಬ್ಬರವಿಳಿತಗಳ ಗಣಿತವನ್ನು ಆಳವಾಗಿ ಪರಿಶೀಲಿಸಿದನು. ಉಬ್ಬರದ ನೀರಿನ ಘರ್ಷಣದಿಂದ ಭೂಮಿಯ ತಿರುಗಾಟ ನಿಧಾನವಾಗುತ್ತ, ಚಂದ್ರನು ಮೆಲ್ಲಮೆಲ್ಲನೆ ದೂರ ಸರಿಯುತ್ತಿರುವನು. ಹಿಂದಕ್ಕೆ ಲೆಕ್ಕ ಹಾಕುತ್ತ ಹೋದರೆ ಒಂದಾನೊಂದು ಕಾಲದಲ್ಲಿ ಅವನು ಭೂಮಿಗೆ ತೀರ ಸಮೀಪದಲ್ಲಿದ್ದಿರಬೇಕು. ಆದುದರಿಂದ, ಕರಗಿದ ಸ್ಥಿತಿಯಲ್ಲಿ ರಭಸದಿಂದ ತಿರುಗುತ್ತಿದ್ದ ಭೂಮಿಯ ಒಂದು ತುಂಡೇ ಸಿಡಿದು ಚಂದ್ರನಾಯಿತೆಂದು ೧೮೭೯ರ ಸುಮಾರಿಗೆ ಅವನು ಸೂಚಿಸಿದನು. ೧೮೮೨ರಲ್ಲಿ ಆಸ್ಮಂಡ್ ಫಿಷರನು ಇನ್ನೂ ಮುಂದೆ ಹೋಗಿ, ಆ ತುಂಡು ಕಿತ್ತುಬಂದ ಗಾಯವೇ ಪೆಸಿಫಿಕ್ ಮಹಾಸಾಗರವೆಂದನು. ಎರಡನೆಯದು ಗ್ರಹಣವಾದ: ಚಂದ್ರನು ಬೇರೆಲ್ಲಿಯೋ ಹುಟ್ಟಿ ಅಲೆದಾಡುತ್ತ ಬಂದು ಭೂಮಿಯ ಆಕರ್ಷಣಕ್ಕೆ ಸಿಕ್ಕಿಬಿದ್ದನೆಂಬುದು. ಮೂರನೆಯದು ಸಹಜನನವಾದ: ಭೂಮಿ ಚಂದ್ರರಿಬ್ಬರೂ ಒಂದೇ ಧೂಳಿನ ಮೇಘದಿಂದ ಅವಳಿಗಳಾಗಿ ಬೆಳೆದರೆಂಬುದು. ಸಂಗ್ರಹವಾಗಿ ಹೇಳುವುದಾದರೆ, ಚಂದ್ರನು ಭೂಮಿಗೆ ಮಗನೋ, ದಾರಿಹೋಕನೋ, ಸಹೋದರನೋ ಎಂಬುದೇ ಪ್ರಶ್ನೆ.

ಮೂರಕ್ಕೂ ದೋಷಗಳಿದ್ದುವು. ಭೂಮಿಯು ಸುಮಾರು ಎರಡೂವರೆ ಗಂಟೆಗೊಮ್ಮೆ ಸುತ್ತುತ್ತಿದ್ದರೆ ಮಾತ್ರ ತುಂಡು ಸಿಡಿಯಬಹುದು. ಈಗ ಭೂಮಿ ಚಂದ್ರರಲ್ಲಿರುವ ಚಲನೆಯನ್ನೆಲ್ಲ ಒಟ್ಟುಗೂಡಿಸಿ ಭೂಮಿಗೇ ಕೊಟ್ಟರೂ ಆ ವೇಗ ಬರುವುದಿಲ್ಲ. ಪೆಸಿಫಿಕ್ಕಿನ ತಳವಾದರೋ ಇಪ್ಪತ್ತು ಕೋಟಿ ವರ್ಷಗಳಿಗಿಂತಲೂ ಕಿರಿಯದು. ಮಗನಿಗಿಂತ ಗಾಯವೇ ಕಿರಿದಾಗಲು ಹೇಗೆ ಸಾಧ್ಯ? ಅಲೆದು ಬಂದವನಾದರೆ, ಅವನ ವೇಗವನ್ನು ತಡೆದು ನಿಲ್ಲಿಸಿದವರಾರು? ಅವಳಿಯಾದರೆ, ಒಂದೇ ಮನೆಯಲ್ಲಿ ಬೆಳೆದ ಇಬ್ಬರಲ್ಲಿ ಒಬ್ಬನಿಗೆ ಮಾತ್ರ ಕಬ್ಬಿಣವಿಲ್ಲದೆ ಹೋದುದೇಕೆ?

ವಿವಾದವನ್ನು ತೀರಿಸಬೇಕಾದರೆ ಕಲ್ಲೇ ಕೈಗೆ ಸಿಕ್ಕಬೇಕಾಗಿತ್ತು. ೧೯೬೯ರ ಜುಲೈ ೨೦ರಂದು ಅಮೆರಿಕದ ಅಪೋಲೋ-೧೧ ನೌಕೆಯು ಶಾಂತಿಸಾಗರದಲ್ಲಿ ಇಳಿಯಿತು. ೧೯೭೨ರೊಳಗೆ ಆರು ಯಾತ್ರೆಗಳಲ್ಲಿ ಒಟ್ಟು ೩೮೨ ಕಿಲೋಗ್ರಾಂ ಕಲ್ಲು ಮಣ್ಣುಗಳು ಭೂಮಿಗೆ ಬಂದುವು. ರಷ್ಯನರ ಮನುಷ್ಯರಹಿತ ನೌಕೆಗಳೂ ೧೯೭೦ರಿಂದ ೧೯೭೬ರೊಳಗೆ ಮೂರು ಸಲ ಸ್ವಲ್ಪ ಮಣ್ಣನ್ನು ತಂದುವು. ಯಾತ್ರಿಕರು ಅಲ್ಲಿಟ್ಟುಬಂದ ಕನ್ನಡಿಗಳಿಗೆ ಇಲ್ಲಿಂದ ಲೇಸರ್ ಕಿರಣವನ್ನು ಬಿಟ್ಟು, ಅದು ಮರಳಿ ಬರುವ ಹೊತ್ತನ್ನು ಅಳೆದುದರಿಂದ, ಚಂದ್ರನು ವರ್ಷಕ್ಕೆ ೩.೮ ಸೆಂಟಿಮೀಟರಿನಷ್ಟು ದೂರ ಸರಿಯುತ್ತಿರುವುದು ಖಚಿತವಾಯಿತು. ಜಾರ್ಜ್ ಡಾರ್ವಿನ್ನನ ಸಿದ್ಧಾಂತ ಬಿದ್ದುಹೋದರೂ ಅವನ ಗಣಿತದ ತಿರುಳು ಹೀಗೆ ಉಳಿಯಿತು.

ಕಲ್ಲುಗಳು ನುಡಿದ ಸಾಕ್ಷ್ಯವಾದರೂ ಏನು? ಮೊದಲನೆಯದಾಗಿ, ಅವುಗಳಲ್ಲಿರುವ ಆಮ್ಲಜನಕದ ಹಗುರ ಭಾರ ಭೇದಗಳ ಪ್ರಮಾಣವು ಭೂಮಿಯ ಕಲ್ಲಿನಲ್ಲಿರುವಂತೆಯೇ ಇದೆ. ಮಂಗಳಗ್ರಹದಿಂದ ಬಂದ ಉಲ್ಕಾಶಿಲೆಗಳಲ್ಲಿ ಆ ಪ್ರಮಾಣ ಬೇರೆ. ಇದೊಂದು ವಂಶದ ಗುರುತಿನಂತೆ. ಇದರಿಂದ ಚಂದ್ರನು ದೂರದ ದಾರಿಹೋಕನೆಂಬ ವಾದ ಕುಂದಿತು. ಎರಡನೆಯದಾಗಿ, ಬೇಗ ಆವಿಯಾಗುವ ಸೋಡಿಯಂ, ಪೊಟಾಸಿಯಂ ಮೊದಲಾದ ಧಾತುಗಳು ಅವುಗಳಲ್ಲಿ ಬಹಳ ಕಡಮೆ, ನೀರಂತೂ ಲೇಶಮಾತ್ರ. ಎಂದರೆ ಈ ದ್ರವ್ಯವು ಎಂದೋ ಅತಿಯಾದ ತಾಪದಲ್ಲಿ ಬೆಂದಿರಬೇಕು. ಮೂರನೆಯದಾಗಿ, ಅಪೋಲೋ-೧೧ ತಂದ ಕಪ್ಪು ಮಣ್ಣಿನಲ್ಲಿ ಬಿಳಿಯ ಕಲ್ಲಿನ ಸಣ್ಣ ಚೂರುಗಳಿದ್ದುವು. ಅನಾರ್ಥೊಸೈಟ್ ಎಂಬ ಈ ಶಿಲೆಯು ಹಗುರವಾದ ಹರಳುಗಳಿಂದಾದುದು. ಕಾಯ್ದ ಹಾಲಿನ ಮೇಲೆ ಕೆನೆ ಕಟ್ಟುವಂತೆ, ಕರಗಿದ ಶಿಲಾರಸದ ಮೇಲೆ ಈ ಹರಳುಗಳು ತೇಲಿ ಗಟ್ಟಿಯಾಗಿರಬೇಕೆಂದೂ, ಆದುದರಿಂದ ಚಂದ್ರನ ಮೇಲ್ಭಾಗವೆಲ್ಲ ಮೊದಲು ಒಂದು ಅಗ್ನಿಸಾಗರವಾಗಿದ್ದಿರಬೇಕೆಂದೂ ೧೯೭೦ರಲ್ಲಿ ಜಾನ್ ವುಡ್ ಮೊದಲಾದವರು ಊಹಿಸಿದರು. ಬೆರಳ ತುದಿಯಷ್ಟು ಚೂರುಗಳಿಂದ ಇಡೀ ಗೋಳದ ಚರಿತ್ರೆಯನ್ನು ಓದಿದ ಧೈರ್ಯ ಸಾಮಾನ್ಯವಾದುದಲ್ಲ.

ಇವೆಲ್ಲವನ್ನೂ ಹೊಂದಿಸಬಲ್ಲ ಉತ್ತರವೊಂದು ಬೇಕಾಯಿತು. ೧೯೭೫ರಲ್ಲಿ ಹಾರ್ಟ್‌ಮನ್ ಮತ್ತು ಡೇವಿಸ್ ಎಂಬವರೂ, ೧೯೭೬ರಲ್ಲಿ ಕ್ಯಾಮರನ್ ಮತ್ತು ವಾರ್ಡ್ ಎಂಬವರೂ ಸಂಘಟ್ಟನವಾದವನ್ನು ಮುಂದಿಟ್ಟರು. ಭೂಮಿಯು ಇನ್ನೂ ಎಳೆಯದಾಗಿದ್ದಾಗ, ಸುಮಾರು ಮಂಗಳನಷ್ಟು ದೊಡ್ಡ ಗ್ರಹವೊಂದು ಅದಕ್ಕೆ ಓರೆಯಾಗಿ ಬಡಿಯಿತು. ಎರಡರ ಕಬ್ಬಿಣದ ಗರ್ಭಗಳೂ ಕೂಡಿ ಭೂಮಿಯಲ್ಲಿಯೇ ಉಳಿದುವು. ಹೊರಗಿನ ಕಲ್ಲಿನ ಭಾಗ ಕರಗಿ, ಆವಿಯಾಗಿ, ಭೂಮಿಯ ಸುತ್ತ ಬಳೆಯಂತೆ ಹರಡಿತು. ಅದು ಒಟ್ಟುಗೂಡಿ ಚಂದ್ರನಾಯಿತು. ಕಬ್ಬಿಣದ ಕೊರತೆ, ಆವಿಯಾದ ಧಾತುಗಳು, ಅಗ್ನಿಸಾಗರ, ಭೂಮಿ ಚಂದ್ರರ ಚಲನೆ, ಎಲ್ಲಕ್ಕೂ ಇದರಲ್ಲಿ ಸಮಾಧಾನ ದೊರೆಯಿತು. ಇಂತಹುದೇ ಸೂಚನೆಯನ್ನು ೧೯೪೬ರಲ್ಲಿಯೇ ರೆಜಿನಾಲ್ಡ್ ಡೇಲಿ ಎಂಬ ವೃದ್ಧ ಭೂಗರ್ಭಶಾಸ್ತ್ರಜ್ಞನು ಪ್ರಕಟಿಸಿದ್ದನು. ಕಲ್ಲಿನ ಸಾಕ್ಷ್ಯವಿಲ್ಲದ ಆ ಕಾಲದಲ್ಲಿ ಅದು ಯಾರ ಗಮನವನ್ನೂ ಸೆಳೆಯಲಿಲ್ಲ. ೧೯೮೪ರಲ್ಲಿ ಹವಾಯಿಯ ಕೋನಾದಲ್ಲಿ ವಿದ್ವಾಂಸರ ಸಭೆ ಸೇರಿದಾಗ ಸಂಘಟ್ಟನವಾದವೇ ಮೇಲುಗೈಯಾಯಿತು. ಬಡಿದ ಆ ಗ್ರಹಕ್ಕೆ ಗ್ರೀಕರ ಪುರಾಣದಲ್ಲಿ ಚಂದ್ರದೇವಿಯ ತಾಯಿಯಾದ ಥಿಯಾಳ ಹೆಸರು ಆಮೇಲೆ ಬಂದಿತು.

ಅಪೋಲೋ ಯಾತ್ರಿಕರು ಇಳಿದುದೆಲ್ಲ ಚಂದ್ರನ ಮಧ್ಯರೇಖೆಯ ಆಸುಪಾಸಿನಲ್ಲಿ. ದೂರದ ಧ್ರುವಪ್ರಾಂತದಲ್ಲಿಯೂ ಅದೇ ಕೆನೆಯ ಪದರವಿದೆಯೇ ಎಂಬುದನ್ನು ನೆಲದ ಮೇಲೆಯೇ ನಿಂತು ಪರೀಕ್ಷಿಸುವ ಭಾಗ್ಯ ನಮ್ಮ ದೇಶಕ್ಕೆ ಬಂದಿತು. ೨೦೧೯ರಲ್ಲಿ ಚಂದ್ರಯಾನ-೨ರ ಅವತರಣ ವಿಫಲವಾಗಿದ್ದರೂ ಎದೆಗುಂದದೆ, ೨೦೨೩ರ ಆಗಸ್ಟ್ ೨೩ರಂದು ಚಂದ್ರಯಾನ-೩ ದಕ್ಷಿಣಧ್ರುವದ ಕಡೆಗೆ, ಸುಮಾರು ೬೯ ಡಿಗ್ರಿ ಅಕ್ಷಾಂಶದಲ್ಲಿ, ಸುಖವಾಗಿ ಇಳಿಯಿತು. ಅದಕ್ಕೆ ಆಜ್ಞೆಗಳು ಹೋದುದು ಬೆಂಗಳೂರಿನಿಂದ. ಅದರ ಮಾತನ್ನು ಕೇಳಿದ ಮಹಾಶ್ರವಣಯಂತ್ರಗಳು ನಗರಕ್ಕೆ ಸಮೀಪದ ಬ್ಯಾಲಾಳು ಗ್ರಾಮದಲ್ಲಿರುವುವು. ಪ್ರಜ್ಞಾನ್ ಎಂಬ ಪುಟ್ಟ ಬಂಡಿಯು ಸುಮಾರು ನೂರು ಮೀಟರು ನಡೆದು, ೨೩ ಕಡೆಗಳಲ್ಲಿ ಮಣ್ಣಿನ ಧಾತುಗಳನ್ನು ಪರೀಕ್ಷಿಸಿತು. ೨೦೨೪ರಲ್ಲಿ ಪ್ರಕಟವಾದ ಅದರ ಫಲವು, ಅಲ್ಲಿಯ ಮಣ್ಣು ಮುಖ್ಯವಾಗಿ ಅದೇ ಬಿಳಿಯ ಶಿಲೆಯ ಜಾತಿಯದೆಂದು ತೋರಿಸಿ, ಅಗ್ನಿಸಾಗರದ ಊಹೆಯನ್ನು ಬಲಪಡಿಸಿತು.

ಆದರೂ ವಾದ ಮುಗಿಯಿತೆಂದು ಹೇಳುವಂತಿಲ್ಲ. ಗಣಕಯಂತ್ರಗಳಲ್ಲಿ ಲೆಕ್ಕ ಹಾಕಿದಾಗ ಚಂದ್ರನ ದ್ರವ್ಯದ ಹೆಚ್ಚಿನ ಪಾಲು ಥಿಯಾಳಿಂದಲೇ ಬರಬೇಕೆಂದು ತೋರಿತು. ಕಲ್ಲಾದರೋ ತಾನು ಭೂಮಿಯ ವಂಶದವನೆಂದು ಹೇಳುತ್ತಿರುವುದು. ಸಂಘಟ್ಟನದ ತಾಪದಲ್ಲಿ ಎರಡರ ದ್ರವ್ಯವೂ ಚೆನ್ನಾಗಿ ಬೆರೆತುಹೋಯಿತೆಂದು ಕೆಲವರು, ಥಿಯಾಳೂ ಭೂಮಿಯ ನೆರೆಯಲ್ಲಿಯೇ ಅಂತಹ ದ್ರವ್ಯದಿಂದಲೇ ಬೆಳೆದಿದ್ದಳೆಂದು ಕೆಲವರು ಹೇಳುವರು. ೨೦೨೪ರಲ್ಲಿ ಚೀನೀಯರ ನೌಕೆಯು ಹಿಂಬದಿಯ ಮಣ್ಣನ್ನು ಮೊದಲ ಬಾರಿಗೆ ತಂದಿರುವುದು. ಅದರ ಸಾಕ್ಷ್ಯವೂ ಲೆಕ್ಕಕ್ಕೆ ಬರಬೇಕಾಗಿದೆ.

ಕ್ಷೀರಸಾಗರವನ್ನು ಕಡೆದಾಗ ಚಂದ್ರನು ಹುಟ್ಟಿದನೆಂದು ನಮ್ಮ ಪುರಾಣಗಳು ಹೇಳುತ್ತವೆ. ಅಗ್ನಿಸಾಗರದ ಕೆನೆಯ ವಿಚಾರವನ್ನು ಓದುವಾಗ ಆ ಕಥೆ ನೆನಪಿಗೆ ಬರುವುದು ಸಹಜ. ಆ ಸಾಮ್ಯವನ್ನು ಹಿಡಿದು ಎಲ್ಲವೂ ನಮಗೆ ಮೊದಲೇ ತಿಳಿದಿತ್ತೆಂದು ಹಿಗ್ಗುವುದು ಪುರಾಣಕ್ಕೂ ಶಾಸ್ತ್ರಕ್ಕೂ ಮಾಡುವ ಅನ್ಯಾಯ. ಕವಿಯ ಮಾತಿಗೆ ಸಾಕ್ಷ್ಯ ಬೇಡ. ಅದರ ಸೊಗಸೇ ಸಾಕು. ಶಾಸ್ತ್ರಕ್ಕೆ ಸಾಕ್ಷ್ಯವೇ ಪ್ರಾಣ. ತಾವು ಬಾಳೆಲ್ಲ ಎತ್ತಿಹಿಡಿದ ಸಿದ್ಧಾಂತವನ್ನು ಹಿಡಿ ಕಲ್ಲಿನ ಮುಂದೆ ಬಿಟ್ಟುಕೊಟ್ಟ ವಿದ್ವಾಂಸರ ಆ ವಿನಯವನ್ನು ನಮ್ಮ ಊರುಗಳ, ನಮ್ಮ ಮನೆತನಗಳ ಚರಿತ್ರೆಯನ್ನು ಬರೆಯುವಾಗಲೂ ನಾವು ಕಲಿತರೆ ಲಾಭವಿದೆ. ಬೆಳುದಿಂಗಳಲ್ಲಿ ಅಂಗಳದಲ್ಲಿ ಕುಳಿತು ಮಕ್ಕಳಿಗೆ ಚಂದಮಾಮನನ್ನು ತೋರಿಸುವಾಗ ಮೊಲದ ಕಥೆಯನ್ನೂ ಹೇಳೋಣ. ಅದರೊಡನೆ, ಭೂಮಿತಾಯಿ ಮರೆತುಬಿಟ್ಟ ತನ್ನ ಬಾಲ್ಯದ ನೆನಪನ್ನು ಅವನು ಇನ್ನೂ ಮುಖದ ಮೇಲೆ ಹೊತ್ತಿರುವನೆಂಬ ಈ ನಿಜವನ್ನೂ ಹೇಳೋಣ.