ಕಿಸೆಯ ಪಿಸ್ತೂಲಿನ ಪೂರ್ವೋತ್ತರ

ಮನುಸ್ಮೃತಿಯ ಏಳನೆಯ ಅಧ್ಯಾಯದಲ್ಲಿ ಯುದ್ಧಧರ್ಮವನ್ನು ನಿರೂಪಿಸುವ ಸ್ಥಳದಲ್ಲಿ, ರಾಜನಾದವನು ಕೂಟಾಯುಧಗಳಿಂದ ಶತ್ರುವನ್ನು ಹೊಡೆಯಕೂಡದೆಂದು ವಿಧಿಸಲ್ಪಟ್ಟಿದೆ. ಕೂಟಾಯುಧವೆಂದರೆ ಯಾವುದೆಂಬುದಕ್ಕೆ ವ್ಯಾಖ್ಯಾನಕಾರನಾದ ಕುಲ್ಲೂಕಭಟ್ಟನು, ಹೊರಗೆ ಕಟ್ಟಿಗೆ ಮೊದಲಾದುವುಗಳಿಂದ ಮಾಡಲ್ಪಟ್ಟು ಒಳಗೆ ಹರಿತವಾದ ಶಸ್ತ್ರವನ್ನು ಅಡಗಿಸಿಕೊಂಡಿರುವುದೆಂದು ಅರ್ಥವನ್ನು ಹೇಳಿರುವನು. ನಮ್ಮ ಜನರು ಗುಪ್ತಿಯೆಂದು ಕರೆಯುವ, ಊರುಗೋಲಿನೊಳಗಣ ಕತ್ತಿಯು ಇಂಥದೇ. ವಿಷವನ್ನು ಸವರಿದ ಬಾಣದ ಸಾಲಿನಲ್ಲಿಯೇ ಸ್ಮೃತಿಕಾರನು ಇದನ್ನೂ ಕುಳ್ಳಿರಿಸಿರುವುದರಿಂದ, ಕಾಣುವ ಆಯುಧಕ್ಕೂ ಕಾಣದ ಆಯುಧಕ್ಕೂ ಧರ್ಮದ ದೃಷ್ಟಿಯಲ್ಲಿ ಭೇದವುಂಟೆಂಬ ಭಾವನೆಯು ಬಹು ಪುರಾತನವಾದುದೆಂದು ತಿಳಿಯಬಹುದು.

ನಮ್ಮ ಧರ್ಮಶಾಸ್ತ್ರಗಳೊಡನೆ ಯಾವ ಸಂಬಂಧವೂ ಇಲ್ಲದ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಇದೇ ಪ್ರಶ್ನೆಯು ಒಂದು ಗುಪ್ತಿಯ ನಿಮಿತ್ತವಾಗಿಯೇ ನ್ಯಾಯಸ್ಥಾನವನ್ನು ಏರಿದುದು ವಿಚಿತ್ರವಾಗಿದೆ. 1813ನೆಯ ಇಸವಿಯಲ್ಲಿ ಕೆಂಟಕಿ ಸಂಸ್ಥಾನದವರು ಒಂದು ಕಾನೂನನ್ನು ಮಾಡಿ, ದೂರಪ್ರಯಾಣದಲ್ಲಿರುವವರ ಹೊರತು ಯಾರೇ ಆಗಲಿ ಕಿಸೆಯ ಪಿಸ್ತೂಲು, ಬಾಕು, ದೊಡ್ಡ ಚೂರಿ, ಊರುಗೋಲಿನೊಳಗಣ ಕತ್ತಿ ಇವುಗಳನ್ನು ಮರೆಮಾಡಿ ಧರಿಸಿದರೆ 100 ಡಾಲರಿಗೆ ಕಡಮೆಯಿಲ್ಲದಂತೆ ದಂಡವನ್ನು ತೆರಬೇಕೆಂದು ಗೊತ್ತುಮಾಡಿದರು. ಬ್ಲಿಸ್ ಎಂಬವನು ಗುಪ್ತಿಯೊಡನೆ ಸಿಕ್ಕಿಬಿದ್ದು ದಂಡಕ್ಕೆ ಗುರಿಯಾದನು. ಅವನ ಮೊಕದ್ದಮೆಯು 1822ರಲ್ಲಿ ಆ ಸಂಸ್ಥಾನದ ಅಪೀಲು ಕೋರ್ಟಿನ ಮುಂದೆ ಬಂದಾಗ, ಆಯುಧಧಾರಣೆಯ ಹಕ್ಕನ್ನು ಸಂಸ್ಥಾನದ ಶಾಸನವು ಪೂರ್ಣವಾಗಿ ಕೊಟ್ಟಿರುವುದರಿಂದ ಅದರಲ್ಲಿ ಎಳ್ಳಷ್ಟನ್ನೂ ಕಡಮೆಮಾಡಲು ಬರುವುದಿಲ್ಲವೆಂದು ತೀರ್ಪಾಗಿ, ಆ ಕಾನೂನೇ ಬಿದ್ದುಹೋಯಿತು. ಜನರು ಅಷ್ಟಕ್ಕೆ ಸುಮ್ಮನಾಗಲಿಲ್ಲ. 1850ರ ಹೊಸ ಶಾಸನದಲ್ಲಿ, ಹಕ್ಕು ಇರಲಿ, ಆದರೆ ಮರೆಮಾಡಿ ಒಯ್ಯುವುದನ್ನು ಶಾಸನಸಭೆಯು ತಡೆಯಬಹುದೆಂಬ ಮಾತನ್ನು ಸೇರಿಸಿದರು. ಅದೇ ವರ್ಷ ಲೂಯಿಸಿಯಾನಾದ ಶ್ರೇಷ್ಠ ನ್ಯಾಯಸ್ಥಾನವೂ, ಆಯುಧವನ್ನು ಬಹಿರಂಗವಾಗಿ ಧರಿಸುವುದು ಪೌರುಷವನ್ನು ಬೆಳೆಯಿಸುವುದೆಂತಲೂ, ಅಡಗಿಸಿ ಧರಿಸುವುದು ಹೊಂಚುಗೊಲೆಗೆ ದಾರಿಯಾಗುವುದೆಂತಲೂ ಅಭಿಪ್ರಾಯಪಟ್ಟಿತು. ಸೊಂಟದಲ್ಲಿ ಎದ್ದು ಕಾಣುವ ದೊಡ್ಡ ಪಿಸ್ತೂಲಿಗೆ ಮರ್ಯಾದೆ. ಕಿಸೆಯೊಳಗಣ ಚಿಕ್ಕದಕ್ಕೆ ದಂಡ. ಈಗಿನವರಿಗೆ ಇದು ತಲೆಕೆಳಗಾದಂತೆ ತೋರಬಹುದು.

ನ್ಯಾಯಸ್ಥಾನಗಳು ಹೀಗೆ ಚರ್ಚಿಸುತ್ತಿದ್ದರೂ ಕಿಸೆಯ ಪಿಸ್ತೂಲಿನ ವ್ಯಾಪಾರವು ಬೆಳೆಯುತ್ತಲೇ ಹೋಯಿತು. ಅದಕ್ಕೆ ತನ್ನ ಹೆಸರನ್ನೇ ಕೊಟ್ಟವನು ಹೆನ್ರಿ ಡೆರಿಂಜರ್. ಇವನು 1786ರಲ್ಲಿ ಪೆನ್ಸಿಲ್ವೇನಿಯಾದ ಈಸ್ಟನ್ ಎಂಬ ಊರಿನಲ್ಲಿ ಹುಟ್ಟಿ, 1806ರಿಂದ ಫಿಲಡೆಲ್ಫಿಯ ನಗರದಲ್ಲಿ ಕೋವಿಯ ಕಾರ್ಖಾನೆಯನ್ನು ನಡೆಯಿಸುತ್ತ, ಸರ್ಕಾರದ ಸೈನ್ಯಕ್ಕೆ ಉದ್ದ ಕೋವಿಗಳನ್ನು ಒದಗಿಸಿ ಜೀವಿಸುತ್ತಿದ್ದನು. ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಪಿಸ್ತೂಲಿನಿಂದ ಅವನಿಗೆ ಬಂದ ಕೀರ್ತಿಯು ಆ ದೊಡ್ಡ ಕೋವಿಗಳಿಂದ ಬರಲಿಲ್ಲ. ಈ ಪಿಸ್ತೂಲಿಗೆ ಒಂದೇ ನಳಿಗೆ. ಅದರ ಬಾಯಿಂದಲೇ ಮದ್ದನ್ನು ಸುರಿದು, ಗುಂಡನ್ನು ತುರುಕಿ, ಹಿಂದುಗಡೆಯ ಮೊಲೆಗೆ ಕೇಪನ್ನು ಇಟ್ಟು, ಕುದುರೆಯನ್ನು ಎತ್ತಿ ಹೊಡೆಯಬೇಕು. ಒಮ್ಮೆ ಹೊಡೆದಮೇಲೆ ಮತ್ತೆ ತುಂಬಿಕೊಳ್ಳುವ ಹೊತ್ತಿಗೆ ಎದುರಾಳಿಯು ಬಂದು ಮೈಮೇಲೆ ಬಿದ್ದಿರುವನು. ಕೇಪು ತೇವಗೊಂಡಿದ್ದರೆ ಆ ಒಂದು ಗುಂಡೂ ಹಾರುವಂತಿಲ್ಲ. ಆದುದರಿಂದಲೇ ಇವನ್ನು ಜೋಡಿಯಾಗಿ ಮಾರುತ್ತಿದ್ದರು. ಎರಡನ್ನು ಇಟ್ಟುಕೊಂಡವನಿಗೆ ಎರಡು ಗುಂಡುಗಳ ಭರವಸೆ. 1849ರಿಂದ ಕ್ಯಾಲಿಫೋರ್ನಿಯದ ಚಿನ್ನದ ಗಣಿಗಳಿಗೆ ಜನರು ಮುಗಿಬಿದ್ದಾಗ, ಪೋಲೀಸರಿಲ್ಲದ ಆ ಸೀಮೆಯಲ್ಲಿ ಮಡಿಲಲ್ಲಿ ಚಿನ್ನವಿದ್ದವನಿಗೂ ಜೂಜಾಡುವವನಿಗೂ ಈ ಜೋಡಿಯೇ ಕಾವಲಾಯಿತು. ಇಂಥ ಕಡೆಯಲ್ಲಿ ಪ್ರಾಣಭಯದಿಂದ ಒಂದು ಪಿಸ್ತೂಲನ್ನು ಕಿಸೆಯಲ್ಲಿ ಇಟ್ಟುಕೊಂಡವರನ್ನು ಕೂಟಾಯುಧಧಾರಿಗಳೆಂದು ನಿಂದಿಸುವುದು ನ್ಯಾಯವಾಗಲಾರದು.

1865ನೆಯ ಇಸವಿ ಏಪ್ರಿಲ್ 14ರ ರಾತ್ರಿ ವಾಷಿಂಗ್ಟನ್ ನಗರದ ಫೋರ್ಡ್ ನಾಟಕಶಾಲೆಯಲ್ಲಿ ಇದೇ ಬಗೆಯ ಒಂದು ಪಿಸ್ತೂಲು ಲೋಕಪ್ರಸಿದ್ಧವಾಯಿತು. ಅದರ ಒಟ್ಟು ಉದ್ದವು ಆರು ಅಂಗುಲಕ್ಕೂ ಕಡಮೆ. ತೂಕ ಸುಮಾರು 8 ಔನ್ಸು. ನಟನಾದ ಜಾನ್ ವಿಲ್ಕ್ಸ್ ಬೂತನು ಆ ನಾಟಕವನ್ನು ಬಲ್ಲವನಾಗಿದ್ದು, ಪ್ರೇಕ್ಷಕರೆಲ್ಲರೂ ನಗುವ ಗಳಿಗೆಯನ್ನು ಕಾದು, ಅಧ್ಯಕ್ಷನಾದ ಲಿಂಕನ್ನನ ಬೆನ್ನ ಹಿಂದೆ ಕೆಲವೇ ಅಡಿಗಳ ಅಂತರದಲ್ಲಿ ನಿಂತು ತಲೆಗೆ ಗುಂಡಿಟ್ಟನು. ತನ್ನಲ್ಲಿರುವುದು ಒಂದೇ ಗುಂಡೆಂಬುದನ್ನು ಅವನು ಮರೆತಿರಲಿಲ್ಲ. ಪಿಸ್ತೂಲನ್ನು ಅಲ್ಲಿಯೇ ಕೆಳಗೆ ಬಿಟ್ಟು, ಜೊತೆಯಲ್ಲಿ ತಂದಿದ್ದ ದೊಡ್ಡ ಚೂರಿಯನ್ನು ಹಿರಿದು, ಹಿಡಿಯಬಂದ ಮೇಜರ್ ರಾತ್‌ಬೋನನ ತೋಳನ್ನು ಇರಿದು, ರಂಗಸ್ಥಳಕ್ಕೆ ಹಾರಿ ಓಡಿದನು. ಲಿಂಕನ್ನನು ಮರುದಿನ ಬೆಳಿಗ್ಗೆ 7 ಗಂಟೆ 22 ನಿಮಿಷಕ್ಕೆ, ಬೀದಿಯ ಎದುರುಮನೆಯೊಂದರಲ್ಲಿ ತೀರಿಕೊಂಡನು. ಆ ಪಿಸ್ತೂಲನ್ನು ಈಗಲೂ ಅದೇ ನಾಟಕಶಾಲೆಯ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು.

ಚಿಕ್ಕ ಪಿಸ್ತೂಲನ್ನು ಆರಿಸಿಕೊಳ್ಳುವುದರ ಮರ್ಮವೆಲ್ಲವೂ ಈ ಒಂದು ಘಟನೆಯಲ್ಲಿ ಅಡಗಿದೆ. ಕಿಸೆಗೆ ಹಿಡಿಸಬೇಕೆಂದು ನಳಿಗೆಯನ್ನು ಗಿಡ್ಡಮಾಡಿದರೆ ಗುರಿಯು ತಪ್ಪುವುದು. ಮದ್ದನ್ನು ಕಡಮೆಮಾಡಿದರೆ ಗುಂಡಿನ ವೇಗವು ತಗ್ಗುವುದು. ತೂಕವನ್ನು ಇಳಿಸಿದರೆ ಎರಡನೆಯ ಗುಂಡಿಗೆ ಸ್ಥಳವಿಲ್ಲ. ಆತ್ಮರಕ್ಷಣೆಗಾಗಿ ಕೊಳ್ಳುವವನು ಈ ಮೂರನ್ನೂ ಬಿಟ್ಟುಕೊಟ್ಟು ಮರೆಯೊಂದನ್ನು ಪಡೆಯುವನು. ಆದರೆ ಅವನ ಮೇಲೆ ಬೀಳುವವನು ಯಾವಾಗ, ಎಷ್ಟು ದೂರದಿಂದ, ಎಷ್ಟು ಮಂದಿಯೊಡನೆ ಬರುವನೆಂಬುದು ಅವನಿಗೆ ತಿಳಿಯದು. ಬಿಟ್ಟುಕೊಟ್ಟ ಮೂರೂ ಆ ಗಳಿಗೆಯಲ್ಲಿ ಬೇಕಾಗುವುವು. ಹೊಂಚುಗಾರನಾದರೋ ಕಾಲವನ್ನೂ ದೂರವನ್ನೂ ತಾನೇ ಗೊತ್ತುಮಾಡುವನು. ಅವನಿಗೆ ಗುರಿಯ ಕಷ್ಟವಿಲ್ಲ, ವೇಗದ ಕೊರತೆಯಿಲ್ಲ, ಒಂದು ಗುಂಡೇ ಸಾಕು. ಹೀಗೆ ದುರ್ಬಲನ ಕಾವಲಿಗೆಂದು ಹುಟ್ಟಿದ ಆಯುಧದ ಗುಣಗಳು ಘಾತುಕನ ಕೈಯಲ್ಲಿ ಪೂರ್ಣಫಲವನ್ನು ಕೊಡುವುವು. ಅದರ ದೋಷಗಳೆಲ್ಲವೂ ಕಾವಲುಗಾರನ ಪಾಲಿಗೆ ಉಳಿಯುವುವು.

ಡೆರಿಂಜರನಿಗೆ ಇನ್ನೊಂದು ಕಷ್ಟವು ಒದಗಿತು. ಅವನ ಪಿಸ್ತೂಲಿಗೆ ಬೇಡಿಕೆಯು ಹೆಚ್ಚಿದಂತೆ ಊರೂರಿನ ಕೋವಿಗಾರರು ಅದರ ಪಡಿಯಚ್ಚನ್ನು ಮಾಡಿ ಅವನ ಹೆಸರನ್ನೇ ಒತ್ತಿ ಮಾರತೊಡಗಿದರು. ಕೆಲವರ ಚಾತುರ್ಯವಂತೂ ನಗೆಯನ್ನು ತರಿಸುವಂಥದು: ಡೆರಿಂಜರ್ ಎಂಬುದೇ ಮನೆತನದ ಹೆಸರಾಗಿದ್ದ ಜಾನ್ ಎಂಬ ಒಬ್ಬ ದರ್ಜಿಯನ್ನು ಹಿಡಿದು ತಂದು, ಅವನ ಹೆಸರಿನ ಬಲದಿಂದ ಪಿಸ್ತೂಲಿಗೆ ಡೆರಿಂಜರ್ ಮುದ್ರೆಯನ್ನು ಹಾಕಿದರು! ಸ್ಯಾನ್ ಫ್ರಾನ್ಸಿಸ್ಕೋ ನಗರದ ಪ್ಲೇಟ್ ಎಂಬ ವ್ಯಾಪಾರಿಯ ಮೇಲೆ ಹೆನ್ರಿ ಡೆರಿಂಜರನು ಹೂಡಿದ ದಾವೆಯಲ್ಲಿ, ಮುದ್ರೆಯನ್ನು ಆ ಸಂಸ್ಥಾನದ ಕಾನೂನಿನಂತೆ ದಾಖಲೆಮಾಡಿಸದಿದ್ದರೂ ಅದರ ಮೇಲಣ ಹಕ್ಕು ನಷ್ಟವಾಗುವುದಿಲ್ಲವೆಂದು ಕ್ಯಾಲಿಫೋರ್ನಿಯದ ಶ್ರೇಷ್ಠ ನ್ಯಾಯಸ್ಥಾನವು ಅವನ ಪರವಾಗಿ ತೀರ್ಪನ್ನು ಕೊಟ್ಟಿತು. ವ್ಯಾಪಾರಮುದ್ರೆಗಳ ವಿಷಯದಲ್ಲಿ ಅದು ಹೆಸರಾದ ತೀರ್ಪು. ಡೆರಿಂಜರನು 1868ರಲ್ಲಿ ಮೃತಿಹೊಂದಿದನು. ನ್ಯಾಯಸ್ಥಾನವು ಕಾಪಾಡಿದ ಹೆಸರನ್ನು ಲೋಕರೂಢಿಯು ಕಾಪಾಡಲಿಲ್ಲ. ಇಂಗ್ಲಿಷ್ ಬರೆವಣಿಗೆಯಲ್ಲಿ ರೇಫಕ್ಕೆ ದ್ವಿತ್ವವು ಬಂದು, ಅಂಕಿತನಾಮವಾಗಿದ್ದುದು ರೂಢನಾಮವಾಗಿ, ಯಾರು ಮಾಡಿದ ಕಿರುಪಿಸ್ತೂಲಾದರೂ ಡೆರಿಂಜರ್ ಎನಿಸಿಕೊಂಡಿತು. ವೈಯಾಕರಣರಿಗೆ ಇದೊಂದು ಒಳ್ಳೆಯ ಉದಾಹರಣೆ.

ಹೀಗೆ ಆ ಹೆಸರನ್ನು ಪಡೆದವುಗಳಲ್ಲಿ ರೆಮಿಂಗ್ಟನ್ ಸಂಸ್ಥೆಯ ಜೋಡುನಳಿಗೆಯ ಪಿಸ್ತೂಲು ಮುಖ್ಯವಾದುದು. ಒಂದರ ಮೇಲೊಂದು ನಳಿಗೆಯಿದ್ದ ಇದನ್ನು 1866ರಿಂದ 1935ರ ವರೆಗೆ ಸುಮಾರು ಒಂದೂವರೆ ಲಕ್ಷದಷ್ಟು ತಯಾರಿಸಿದರು. ಇದರ ಗುಂಡು ಸೆಕೆಂಡಿಗೆ ಸುಮಾರು 425 ಅಡಿ ಮಾತ್ರ ಓಡುತ್ತಿದ್ದಿತು. ಅದೇ ದೇಶದ ಸೈನ್ಯವು 1911ರಲ್ಲಿ ಸ್ವೀಕರಿಸಿದ ದೊಡ್ಡ ಪಿಸ್ತೂಲಿನ ಗುಂಡಿನ ವೇಗವು ಇದರ ಇಮ್ಮಡಿಗೆ ಸಮೀಪ. ಆದರೂ ಎಪ್ಪತ್ತು ವರ್ಷ ಜನರು ಇದನ್ನೇ ಕೊಂಡರೆಂದಮೇಲೆ, ಕೊಳ್ಳುವವನು ಬಲಕ್ಕಿಂತಲೂ ಕಿಸೆಯ ಅಳತೆಯನ್ನೇ ಮುಂದಿಟ್ಟುಕೊಂಡಿದ್ದನೆಂಬುದು ಸ್ಪಷ್ಟವಾಗುವುದು.

ಕಿಸೆಯಿಂದ ತೆಗೆಯುವಾಗ ಪಿಸ್ತೂಲಿನ ಕುದುರೆಯು ಬಟ್ಟೆಗೆ ಸಿಕ್ಕಿಕೊಳ್ಳುವುದೂ, ಎಷ್ಟೋ ವೇಳೆ ತಾನಾಗಿ ಹಾರಿ ಒಡೆಯನನ್ನೇ ಗಾಯಪಡಿಸುವುದೂ ಬಹುಕಾಲದ ತೊಂದರೆಯಾಗಿದ್ದಿತು. 1887ರಲ್ಲಿ ಸ್ಮಿತ್ ಮತ್ತು ವೆಸನ್ ಎಂಬ ಸಂಸ್ಥೆಯವರು ಕುದುರೆಯನ್ನು ಪೂರ್ತಿಯಾಗಿ ಒಳಗೆ ಮುಚ್ಚಿ, ಹಿಡಿಯ ಹಿಂಭಾಗದಲ್ಲಿ ಒಂದು ಸನ್ನೆಯನ್ನು ಇಟ್ಟು, ಹಿಡಿಯನ್ನು ಬಿಗಿಯಾಗಿ ಹಿಂಡದ ಹೊರತು ಗುಂಡು ಹಾರದಂತಹ ಚಿಕ್ಕ ರಿವಾಲ್ವರನ್ನು ಹೊರತಂದರು. ಜನರು ಅದನ್ನು ನಿಂಬೆಹಣ್ಣು ಹಿಂಡುವ ಯಂತ್ರವೆಂದು ಹಾಸ್ಯಮಾಡಿದರೂ, ಮೆಚ್ಚಿ ಕೊಂಡರು. ಇನ್ನು ಕೆಲವು ಸಂಸ್ಥೆಗಳು ಇದೇ ಮಾದರಿಯ ಅಗ್ಗದ ರಿವಾಲ್ವರುಗಳನ್ನು ಲಕ್ಷಗಟ್ಟಲೆ ಮಾಡಿದವು. ಅಂಥದೊಂದನ್ನು 1901ರಲ್ಲಿ ಚೊಲ್ಗೋಷ್ ಎಂಬ ಅರಾಜಕವಾದಿಯು ಬಫಲೊ ನಗರದಲ್ಲಿ ನಾಲ್ಕೂವರೆ ಡಾಲರಿಗೆ ಕೊಂಡನು. ಸೆಪ್ಟೆಂಬರ್ 6ರಂದು ಅಲ್ಲಿಯ ಮಹಾಪ್ರದರ್ಶನದ ಸಂಗೀತಮಂದಿರದಲ್ಲಿ ಅಧ್ಯಕ್ಷ ಮೆಕಿನ್ಲಿಯು ಸಾಲಾಗಿ ಬಂದವರ ಕೈಗಳನ್ನು ಕುಲುಕುತ್ತಿದ್ದನು. ಬಲಗೈಗೆ ಗಾಯವಾದವನಂತೆ ಕರವಸ್ತ್ರವನ್ನು ಸುತ್ತಿಕೊಂಡು ಒಬ್ಬನು ಮುಂದೆ ಬಂದುದನ್ನು ನೋಡಿ ಅಧ್ಯಕ್ಷನು ಕೈ ನೀಡಿದನು. ಕರವಸ್ತ್ರದೊಳಗಿನಿಂದ ಎರಡು ಗುಂಡುಗಳು ಬಂದವು. ಎಂಟು ದಿನಗಳ ಮೇಲೆ ಅಧ್ಯಕ್ಷನು ತೀರಿಕೊಂಡನು. ನೀಡಿದ ಕೈಯನ್ನೇ ಮೋಸಗೊಳಿಸಿದ ಈ ಕೃತ್ಯಕ್ಕೆ ಸಮನಾದುದು ಕೂಟಾಯುಧಗಳ ಚರಿತ್ರೆಯಲ್ಲಿ ವಿರಳ.

ಇದೇ ಕಾಲಕ್ಕೆ ಅಮೆರಿಕದವನೇ ಆದ ಜಾನ್ ಬ್ರೌನಿಂಗ್ ಎಂಬ ಮಹಾಶಿಲ್ಪಿಯು ರಿವಾಲ್ವರಿನ ದಪ್ಪ ಉರುಳೆಯನ್ನು ಬಿಟ್ಟು, ತೋಟಾಗಳನ್ನು ಹಿಡಿಯೊಳಗೆ ಸಾಲಾಗಿ ಜೋಡಿಸುವ ಚಪ್ಪಟೆಯಾದ ಪಿಸ್ತೂಲನ್ನು ನಿರ್ಮಿಸಿ, ಬೆಲ್ಜಿಯಂ ದೇಶದ ಹರ್ಸ್ಟಾಲ್ ಊರಿನ ಕಾರ್ಖಾನೆಯಲ್ಲಿ ಮಾಡಿಸತೊಡಗಿದ್ದನು. ಅಲ್ಲಿ 1905ರ ಮಾದರಿಯೆಂದು ಹೆಸರಾದುದು ಕೋಟಿನೊಳಗಣ ಮೇಲಂಗಿಯ ಕಿಸೆಗೆಂದೇ ಅಳೆದು ಮಾಡಿದುದು: ಉದ್ದ ನಾಲ್ಕೂವರೆ ಅಂಗುಲ, ತೂಕ ಸುಮಾರು 13 ಔನ್ಸು, ಆರು ತೋಟಾ. ಒಂದೇ ಗುಂಡಿನ ಕೊರತೆಯು ಇದರಿಂದ ನೀಗಿತು. ಬಲದ ಕೊರತೆಯು ಮಾತ್ರ ನೀಗಲಿಲ್ಲ.

ಬ್ರೌನಿಂಗ್ ಪಿಸ್ತೂಲು ನಮ್ಮ ದೇಶಕ್ಕೂ ಮರೆಯಲ್ಲಿಯೇ ಬಂದಿತು. 1909ರಲ್ಲಿ ಲಂಡನ್ನಿನ ಭಾರತಭವನದಲ್ಲಿ ಅಡಿಗೆಯವನಾಗಿದ್ದ ಚತುರ್ಭುಜ ಅಮೀನನು ಊರಿಗೆ ಮರಳುವಾಗ, ಅವನ ಪೆಟ್ಟಿಗೆಯ ಕಳ್ಳತಳದಲ್ಲಿ ಇಪ್ಪತ್ತು ಪಿಸ್ತೂಲುಗಳನ್ನು ಇಟ್ಟು ಸಾವರಕರರು ಕಳುಹಿಸಿದರು. ಅವುಗಳಲ್ಲಿ ಒಂದರಿಂದ ಅದೇ ಡಿಸೆಂಬರ್ 21ರ ರಾತ್ರಿ ನಾಸಿಕದ ವಿಜಯಾನಂದ ನಾಟಕಶಾಲೆಯಲ್ಲಿ ಅನಂತ ಕಾನ್ಹೇರೆಯೆಂಬ ತರುಣನು ಕಲೆಕ್ಟರ್ ಜಾಕ್ಸನ್ನನನ್ನು ಕೊಂದನು. ಜಾಕ್ಸನ್ನನು ಸಂಸ್ಕೃತವನ್ನು ಬಲ್ಲವನು. ವರ್ಗವಾಗಿ ಹೋಗುವವನಾಗಿದ್ದು, ಬೀಳ್ಕೊಡುಗೆಯಾಗಿ ಆಡಿದ 'ಶಾರದಾ' ನಾಟಕಕ್ಕೆ ಬಂದಿದ್ದನು. ಕಾನ್ಹೇರೆಯೂ ಅವನ ಸಂಗಡಿಗರಿಬ್ಬರೂ 1910ರ ಏಪ್ರಿಲ್ 19ರಂದು ಠಾಣೆಯಲ್ಲಿ ಗಲ್ಲಿಗೇರಿದರು. ಪರಾಧೀನ ದೇಶದಲ್ಲಿ ಪ್ರಾಣವನ್ನು ಪಣವಾಗಿಟ್ಟ ಆ ತರುಣರನ್ನು ಬಾಡಿಗೆಯ ಕೊಲೆಗಾರರೊಡನೆ ತೂಗುವುದು ಉಚಿತವಲ್ಲ. ಇಲ್ಲಿ ನೋಡಬೇಕಾದುದು ಆಯುಧದ ಗತಿಯನ್ನು ಮಾತ್ರ. 1914ರ ಜೂನ್ 28ರಂದು ಸರಾಯೇವೋದಲ್ಲಿ ಪ್ರಿನ್ಸಿಪ್ ಎಂಬವನ ಕೈಯಲ್ಲಿದ್ದುದೂ ಬ್ರೌನಿಂಗನ 1910ರ ಮಾದರಿಯೇ. ಆಸ್ಟ್ರಿಯದ ಯುವರಾಜನೂ ಅವನ ಪತ್ನಿಯೂ ಎರಡು ಗುಂಡುಗಳಿಗೆ ಬಲಿಯಾದರು. ಮುಂದಿನ ಮಹಾಯುದ್ಧದ ಕಥೆಯನ್ನು ವಾಚಕರು ಬಲ್ಲರು.

ನ್ಯೂಯಾರ್ಕ್ ನಗರದಲ್ಲಿ 1911ರ ಜನವರಿಯಲ್ಲಿ ಕಾದಂಬರಿಕಾರನಾದ ಡೇವಿಡ್ ಗ್ರಹಾಂ ಫಿಲಿಪ್ಸನು ಹಾಡುಹಗಲಲ್ಲಿ ಇಂಥದೇ ಪಿಸ್ತೂಲಿಗೆ ಬಲಿಯಾದಮೇಲೆ, ಟಿಮೊಥಿ ಸಲಿವನ್ ಎಂಬ ಸಭಾಸದನ ಹೆಸರಿನ ಕಾನೂನು ಜಾರಿಗೆ ಬಂದಿತು. ಮರೆಮಾಡಲು ಬರುವಷ್ಟು ಚಿಕ್ಕ ಕೋವಿಗೆ ಅಪ್ಪಣೆಯ ಚೀಟಿಯು ಬೇಕೆಂಬುದೇ ಅದರ ಸಾರ. ಕಿಸೆಯಲ್ಲಿ ಒಯ್ಯಲು ತಕ್ಕ ಕಾರಣವನ್ನು ತೋರಿಸಬೇಕೆಂಬ ನಿಯಮವು ಅದರೊಡನೆ ಬೆಳೆದು, ನೂರು ವರ್ಷಕ್ಕೂ ಹೆಚ್ಚು ಕಾಲ ನಿಂತಿತು. 2022ರ ಜೂನ್ 23ರಂದು ಆ ದೇಶದ ಪರಮೋಚ್ಚ ನ್ಯಾಯಾಲಯವು ಆರು ಮಂದಿ ನ್ಯಾಯಾಧೀಶರ ಬಹುಮತದಿಂದ, ಮೂವರ ವಿರೋಧದೊಡನೆ, ಆ ನಿಯಮವನ್ನು ರದ್ದುಮಾಡಿತು. ಬ್ಲಿಸನ ಗುಪ್ತಿಗೆ ಆಗ ಸರಿಯಾಗಿ ಇನ್ನೂರು ವರ್ಷ. ಅದಾದ ಕೆಲವೇ ದಿನಗಳಲ್ಲಿ ನ್ಯೂಯಾರ್ಕಿನವರು ಮತ್ತೊಂದು ಕಾನೂನನ್ನು ಮಾಡಿ, ಅಪ್ಪಣೆಯ ಚೀಟಿಯಿದ್ದರೂ ಪಿಸ್ತೂಲನ್ನು ಒಯ್ಯಕೂಡದ ಸ್ಥಳಗಳ ಉದ್ದವಾದ ಪಟ್ಟಿಯೊಂದನ್ನು ಬರೆದರು. ಶಾಲೆಗಳೊಡನೆ ನಾಟಕಶಾಲೆಗಳೂ ಆ ಪಟ್ಟಿಯಲ್ಲಿ ಸೇರಿದುವು.