ಝೀರೋ ಕಲಾಪಂಥ

ಎರಡನೆಯ ಮಹಾಯುದ್ಧದ ನಂತರ ಜರ್ಮನಿಯ ಡ್ಯುಸೆಲ್ಡಾರ್ಫ್ ನಗರದಲ್ಲಿ ಹುಟ್ಟಿ, ಬೆಳಕು, ಸ್ಥಳಾವಕಾಶ ಮತ್ತು ಚಲನೆಗಳನ್ನೇ ಸಾಮಗ್ರಿಯಾಗಿ ಬಳಸಿದ ಕಲಾಪಂಥ. ಹೈನ್ಸ್ ಮಾಕ್ (ಜನನ 1931) ಮತ್ತು ಒಟ್ಟೊ ಪೀನೆ (1928–2014) 1957ರಲ್ಲಿ ಇದನ್ನು ಆರಂಭಿಸಿದರು. 1961ರಲ್ಲಿ ಗುಂಟರ್ ಯೂಕರ್ (1930–2025) ಜೊತೆಗೂಡಿದರು. ಶುರುವಿನ ಪ್ರದರ್ಶನಗಳು ಕಲಾವಿದರ ಕಾರ್ಯಾಗಾರದಲ್ಲೇ ಒಂದೊಂದು ಸಂಜೆಗೆ ಮಾತ್ರ ನಡೆದವು. 1958ರಿಂದ 1961ರವರೆಗೆ ಇದೇ ಹೆಸರಿನ ಪತ್ರಿಕೆಯ ಮೂರು ಸಂಚಿಕೆಗಳು ಬಂದವು. ಹೆಸರಿನಲ್ಲಿರುವ ಸೊನ್ನೆ, ರಾಕೆಟ್ ಹಾರಿಸುವಾಗ ಹಿಂದಕ್ಕೆ ಎಣಿಸುತ್ತ ಬಂದು ತಲುಪುವ ಮೌನದ ಗಳಿಗೆ; ಹೊಸದು ಶುರುವಾಗುವುದು ಅಲ್ಲಿಂದ.

ಯುದ್ಧಕಾಲದಲ್ಲಿ ಪೀನೆ ಹದಿಹರೆಯದಲ್ಲೇ ವಿಮಾನ ಹೊಡೆದುರುಳಿಸುವ ಫಿರಂಗಿ ದಳಕ್ಕೆ ಸೇರಬೇಕಾಯಿತು. ಆ ತಲೆಮಾರಿಗೆ ಇರುಳಿನ ಆಕಾಶದಲ್ಲಿ ಬೆಳಕು ಕಂಡರೆ ಸಾವಿನ ಸುಳಿವು. ಮನೆಯ ದೀಪವೂ ಶತ್ರು ವಿಮಾನಗಳಿಗೆ ಕಾಣದಂತೆ ಕಿಟಕಿ ಮುಚ್ಚಬೇಕಿತ್ತು. ಬೆಳಕಿಗೆ ಅಂಟಿದ ಈ ಭಯವನ್ನು ತೊಳೆಯುವ ಹಂಬಲ ಝೀರೋ ಕೃತಿಗಳ ಒಳಗಿದೆ. ಅದನ್ನು ಮರೆತರೆ ಅವು ಬರೀ ಯಂತ್ರದ ಚಮತ್ಕಾರವಾಗಿ ಕಾಣುತ್ತವೆ.

ರಂಧ್ರಗಳ ಜಾಲರಿಯ ಮೂಲಕ ಬಣ್ಣ ಒತ್ತಿ ಚಿತ್ರ ಮಾಡುತ್ತಿದ್ದ ಪೀನೆ, 1959ರಲ್ಲಿ ಅದೇ ಜಾಲರಿಯ ಹಿಂದೆ ದೀಪ ಹಿಡಿದರು. ಹೀಗೆ ಮೂಡಿತು ‘ಬೆಳಕಿನ ಬ್ಯಾಲೆ’. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಕೊಬ್ಬರಿಯ ಅಟ್ಟ ಹತ್ತಿದವರಿಗೆ ಇದರ ಮೊದಲ ಪಾಠ ಗೊತ್ತೇ ಇದೆ: ಹೆಂಚಿನ ಸಂದಿಯಿಂದ ಇಳಿದ ಬಿಸಿಲುಕೋಲು ದೂಳನ್ನು ಬೆಳಗಿಸುತ್ತ, ಹೊತ್ತು ಸರಿದ ಹಾಗೆ ಒಂದು ಕಾಯಿಯಿಂದ ಇನ್ನೊಂದಕ್ಕೆ ದಾಟುತ್ತದೆ. ಪೀನೆ ಆ ನಡಿಗೆಗೆ ಮೊದಲು ಕೈಯ, ಆಮೇಲೆ ಮೋಟಾರಿನ ವೇಗ ಕೊಟ್ಟರು. ನಮ್ಮ ತೊಗಲುಗೊಂಬೆಯಾಟದಲ್ಲೂ ಚರ್ಮಕ್ಕೆ ಕೊರೆದ ತೂತುಗಳಿಂದ ಬೆಳಕು ಸೋರುತ್ತದೆ, ಆದರೆ ನೋಡುವವರು ಪರದೆಯ ಆಚೆ ಕೂತಿರುತ್ತಾರೆ. ಇಲ್ಲಿ ಪರದೆಯೇ ಇಲ್ಲ. ಗೋಡೆ, ಸೂರು, ನೋಡುಗರ ಅಂಗಿ, ಎಲ್ಲದರ ಮೇಲೂ ಚುಕ್ಕಿಗಳು ಹರಿದಾಡುತ್ತವೆ.

ಯೂಕರ್ ಹಲಗೆಗೆ, ಕುರ್ಚಿಗೆ, ಪಿಯಾನೋಗೆ ಸಾಲುಸಾಲಾಗಿ ಮೊಳೆ ಹೊಡೆದರು. ಬೆಳಕು ಸರಿದಂತೆ ಮೊಳೆಗಳ ನೆರಳೂ ಹೊರಳಿ, ಅಲುಗದ ಹಲಗೆ ಅಲುಗಿದಂತಾಗುತ್ತದೆ. ಮಾಕ್ ಅಲ್ಯೂಮಿನಿಯಂ ಹಾಳೆಗಳಲ್ಲಿ ಕೆಲಸ ಮಾಡಿದರು, ಸಹರಾ ಮರಳುಗಾಡಿಗೂ ಹೊಳೆಯುವ ಕಂಬಗಳನ್ನು ಒಯ್ದರು. 1964ರಲ್ಲಿ ಕಾಸೆಲ್ ನಗರದ ಡಾಕ್ಯುಮೆಂಟಾ ಪ್ರದರ್ಶನದಲ್ಲಿ ಮೂವರೂ ಸೇರಿ, ಇಟಲಿಯ ಲೂಚಿಯೊ ಫೊಂಟಾನಾ ಅವರ ಗೌರವಕ್ಕೆ ಬೆಳಕಿನ ಕೋಣೆ ಕಟ್ಟಿದರು. ಫ್ರಾನ್ಸಿನ ಈವ್ ಕ್ಲೈನ್, ಇಟಲಿಯ ಪಿಯೆರೊ ಮಾಂಜೋನಿ, ನೆದರ್ಲೆಂಡ್ಸಿನ ‘ನುಲ್’ ಬಳಗ ಈ ಪಂಥದ ಒಡನಾಡಿಗಳು.

1966ರಲ್ಲಿ ಗುಂಪು ಚದುರಿತು. ಆಮೇಲೆ ಪೀನೆ ಅಮೆರಿಕದ ತಂತ್ರಜ್ಞಾನ ವಿದ್ಯಾಸಂಸ್ಥೆ ಎಂಐಟಿ ಸೇರಿದರು. 1972ರ ಮ್ಯೂನಿಕ್ ಒಲಿಂಪಿಕ್ಸ್ ಸಮಾರೋಪಕ್ಕೆ ಅವರು ಹೀಲಿಯಂ ತುಂಬಿದ ಬಣ್ಣದ ಕೊಳವೆಗಳ ಕಾಮನಬಿಲ್ಲನ್ನು ಜರ್ಮನಿಯ ಆಕಾಶಕ್ಕೆ ಏರಿಸಿದರು.