ಬ್ರಾಡ್‌ಬಿ ಷೀಲ್ಡ್ ಮತ್ತು ಸಿಂಹಳದ ಶಾಲಾ ರಗ್ಬಿ

ಆಳುವವರು ತಂದ ಕ್ರೀಡೆಯೊಂದು ಆಳಿಸಿಕೊಂಡವರ ಸ್ವತ್ತಾಗುವುದು ಹೇಗೆ? ಈ ಪ್ರಶ್ನೆಗೆ ಸಿಂಹಳದ್ವೀಪದ ರಗ್ಬಿಯ ಚರಿತ್ರೆಯಲ್ಲಿ ಒಂದು ಉತ್ತರವು ದೊರೆಯುತ್ತದೆ. ಅಲ್ಲಿ ಆ ಆಟವನ್ನು ನೆಲೆಗೊಳಿಸಿದ್ದು ಕ್ಲಬ್ಬುಗಳಿಗಿಂತ ಹೆಚ್ಚಾಗಿ ಶಾಲೆಗಳು ಎಂಬುದೇ ಈ ಲೇಖನದ ಪ್ರತಿಪಾದ್ಯ.

ರಗ್ಬಿಯು ತಂಡಕ್ಕೆ ಹದಿನೈದು ಮಂದಿಯಂತೆ ಅಂಡಾಕಾರದ ಚೆಂಡಿನಿಂದ ಆಡುವ ಆಟ. ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು. ಆದರೆ ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ. 1879ರಲ್ಲಿ ಕೊಲಂಬೊ ಫುಟ್‌ಬಾಲ್ ಕ್ಲಬ್ಬು ಸ್ಥಾಪಿತವಾದಾಗ ಇದು ತೋಟದ ಮಾಲೀಕರು, ವರ್ತಕರು, ಸೈನಿಕರೇ ಮೊದಲಾದ ಐರೋಪ್ಯರ ವಿನೋದವಾಗಿತ್ತು. ದೇಶೀಯರಿಗೆ ಅದರಲ್ಲಿ ಪ್ರವೇಶವಿರಲಿಲ್ಲ.

ಶಾಲೆಯ ಬಾಗಿಲನ್ನು ಈ ಆಟಕ್ಕೆ ತೆರೆದವರು ದ್ವೀಪದವರೇ ಆದ ಎಲ್. ಇ. ಬ್ಲೇಜ್. ಅವರು 1891ರಲ್ಲಿ ಕ್ಯಾಂಡಿಯಲ್ಲಿ ಕಿಂಗ್ಸ್‌ವುಡ್ ಕಾಲೇಜನ್ನು ಸ್ಥಾಪಿಸಿ ಹುಡುಗರಿಗೆ ರಗ್ಬಿಯನ್ನು ಕಲಿಸಿದರು. ಕಾಲೇಜೆಂಬ ಹೆಸರಿದ್ದರೂ ಇವು ಪ್ರೌಢಶಾಲೆಗಳೆಂಬುದನ್ನು ಗಮನಿಸಬೇಕು. 1906ರಲ್ಲಿ ಕಿಂಗ್ಸ್‌ವುಡ್ ಮತ್ತು ಅದೇ ಊರಿನ ಟ್ರಿನಿಟಿ ಕಾಲೇಜುಗಳ ನಡುವೆ ನಡೆದ ಮೊದಲ ಅಂತರಶಾಲಾ ಪಂದ್ಯವು 6-6 ಅಂಕಗಳಿಂದ ಸಮವಾಯಿತು. 1920ರಲ್ಲಿ ಕೊಲಂಬೊದ ರಾಯಲ್ ಕಾಲೇಜು ಟ್ರಿನಿಟಿಯನ್ನು ಎದುರಿಸಿತು. ಹೀಗೆ ಆಟ ಕಲಿತು ಶಾಲೆ ಬಿಟ್ಟ ತರುಣರಿಗೆ ಆಡಲು ಸ್ಥಳವೆಲ್ಲಿ? ಐರೋಪ್ಯರ ಕ್ಲಬ್ಬುಗಳು ಅವರಿಗೆ ಮುಚ್ಚಿದ್ದವು. 1922ರಲ್ಲಿ ಸ್ಥಾಪಿತವಾದ ಸಿಲೋನೀಸ್ ರಗ್ಬಿ ಅಂಡ್ ಫುಟ್‌ಬಾಲ್ ಕ್ಲಬ್ಬು ಈ ಕೊರತೆಯ ಫಲ. ಶಾಲೆಯು ಸೃಷ್ಟಿಸಿದ ಆಟಗಾರನು ತನ್ನ ಕ್ಲಬ್ಬನ್ನು ತಾನೇ ಕಟ್ಟಿಕೊಳ್ಳಬೇಕಾಯಿತು.

1945ರಲ್ಲಿ ರಾಯಲ್ ಕಾಲೇಜಿನ ಪ್ರಾಂಶುಪಾಲರಾಗಿದ್ದ ಇ. ಎಲ್. ಬ್ರಾಡ್‌ಬಿ ಎಂಬ ಆಂಗ್ಲರು ರಾಯಲ್-ಟ್ರಿನಿಟಿ ಸ್ಪರ್ಧೆಗೆ ಒಂದು ಷೀಲ್ಡನ್ನು ಕೊಟ್ಟರು. ಇದರ ನಿಯಮ ವಿಶಿಷ್ಟವಾದುದು. ವರ್ಷಕ್ಕೆ ಎರಡು ಪಂದ್ಯಗಳು, ಒಂದು ಕೊಲಂಬೊದಲ್ಲಿ, ಇನ್ನೊಂದು ಕ್ಯಾಂಡಿಯಲ್ಲಿ; ಎರಡರ ಅಂಕಗಳನ್ನು ಕೂಡಿಸಿ ವಿಜೇತರನ್ನು ನಿರ್ಣಯಿಸಲಾಗುತ್ತದೆ. ಎರಡನೆಯ ಪಂದ್ಯದಲ್ಲಿ ಗೆದ್ದ ತಂಡವೂ ಷೀಲ್ಡನ್ನು ಕಳೆದುಕೊಳ್ಳಬಹುದು. ಆದುದರಿಂದ ಸೋಲು ಖಚಿತವೆಂದು ತೋರಿದ ಪಂದ್ಯದ ಕೊನೆಯ ಕ್ಷಣದಲ್ಲಿ ಗಳಿಸಿದ ಅಂಕಕ್ಕೂ ಬೆಲೆಯುಂಟು. ಕರಾವಳಿಯ ನಗರ ಹಾಗೂ 1815ರವರೆಗೆ ಸ್ವತಂತ್ರ ರಾಜ್ಯದ ರಾಜಧಾನಿಯಾಗಿದ್ದ ಗುಡ್ಡನಾಡಿನ ಪಟ್ಟಣ, ಇವೆರಡೂ ಪ್ರತಿವರ್ಷ ಸರದಿಯಂತೆ ಅತಿಥಿ-ಆತಿಥೇಯರಾಗುವುದು ಈ ನಿಯಮದಿಂದಲೇ.

1948ರಲ್ಲಿ ದ್ವೀಪವು ಸ್ವತಂತ್ರವಾಯಿತು. 1956ರ ಭಾಷಾ ಶಾಸನವು ಆಡಳಿತದಲ್ಲಿ ಇಂಗ್ಲಿಷಿನ ಸ್ಥಾನವನ್ನು ಸಿಂಹಳಕ್ಕೆ ಕೊಟ್ಟಿತು. 1960ರ ದಶಕದ ಆರಂಭದಲ್ಲಿ ನೆರವು ಪಡೆಯುತ್ತಿದ್ದ ಬಹುಪಾಲು ಖಾಸಗಿ ಶಾಲೆಗಳನ್ನು ಸರ್ಕಾರವು ವಹಿಸಿಕೊಂಡಿತು. ಟ್ರಿನಿಟಿ ಖಾಸಗಿಯಾಗಿಯೇ ಉಳಿಯಿತು. ರಾಯಲ್ ಅದಾಗಲೇ ಸರ್ಕಾರಿ ಶಾಲೆಯಾಗಿತ್ತು. ಇಂಗ್ಲಿಷ್ ವಿದ್ಯೆಯ ಕುರುಹಾಗಿದ್ದ ಈ ಆಟವು ಆಗ ನಶಿಸಿದ್ದರೆ ಆಶ್ಚರ್ಯವಿರಲಿಲ್ಲ. ಆದರೆ ಹಾಗಾಗಲಿಲ್ಲ. 1952ರಲ್ಲಿ ಸ್ಥಾಪಿತವಾದ ಸರ್ಕಾರಿ ಶಾಲೆ ಇಸಿಪತನ ಕಾಲೇಜು ಮುಂದೆ ರಗ್ಬಿಯಲ್ಲಿ ಪ್ರಬಲವಾಯಿತು. ಆದರೂ ಆಟವು ಬಹುಕಾಲ ಕೆಲವೇ ಪಟ್ಟಣಗಳ, ಕೆಲವೇ ಶಾಲೆಗಳ ಸೊತ್ತಾಗಿದ್ದಿತೆಂಬುದನ್ನು ಮರೆಮಾಚಲಾಗದು.

ಷೀಲ್ಡಿಗೆ ಆಂಗ್ಲರ ಹೆಸರು ಇಂದಿಗೂ ಉಳಿದಿದೆ. ಆದರೆ ಅದಕ್ಕಾಗಿ ಸೆಣಸುವವರು ಯಾರು, ಅದನ್ನು ನೋಡಲು ನೆರೆಯುವವರು ಯಾರು ಎಂಬುದನ್ನು ಪರಿಶೀಲಿಸಿದರೆ, ಒಡೆತನವು ಎಂದೋ ಕೈ ಬದಲಾಯಿಸಿತೆಂಬುದು ವಿದಿತವಾಗುತ್ತದೆ. ಆ ಬದಲಾವಣೆಯು ನಡೆದದ್ದು ಶಾಸನದಿಂದಲ್ಲ, ಶಾಲೆಯ ಆಟದ ಬಯಲಿನಲ್ಲಿ.